ಮಾಸ್ತರರಿಗೆ ಬಾರದ ಉತ್ತರ

ಜೈನ ಸಾಧ್ವಿಗಳಾದ ಪೂಜ್ಯ ಆರ್ಯಿಕಾ ಉಪಶಮಮತಿ ಮಾತಾಜಿಯವರು ಆ ವರ್ಷದ ಚಾತುರ್ಮಾಸಕ್ಕೆ ಕೃಷ್ಣಾತೀರದ ಒಂದು ಸಣ್ಣ ಊರಿನಲ್ಲಿ ನೆಲೆಸಿದ್ದರು. ಬಸದಿಯ ಹಿಂದೆ, ಪೂಜೆಯ ಪಾತ್ರೆಗಳನ್ನಿಡುತ್ತಿದ್ದ ಇಕ್ಕಟ್ಟಾದ ಕೋಣೆಯೇ ಅವರ ವಸತಿ. ಊರಿನ ಶ್ರಾವಕರು ದೊಡ್ಡ ಮನೆಯೊಂದನ್ನು ತೆರವು ಮಾಡಿಕೊಡುತ್ತೇವೆಂದು ಬಿನ್ನವಿಸಿದರೂ ಅವರು ಒಪ್ಪಿರಲಿಲ್ಲ. ಚಾಪೆಯ ಮೇಲೆ ನವಿಲುಗರಿಯ ಪಿಂಛಿ, ಕಮಂಡಲುಗಳನ್ನಿರಿಸಿಕೊಂಡು ಸ್ವಾಧ್ಯಾಯದಲ್ಲಿ ಮಗ್ನರಾಗಿರುತ್ತಿದ್ದರು.

ಒಂದು ಮಧ್ಯಾಹ್ನ ತವನಪ್ಪ ಮಗದುಮ್ಮ ಮಾಸ್ತರರು ಅಲ್ಲಿಗೆ ಬಂದು, ವಂದಾಮಿ ಹೇಳಿ, ಬಾಗಿಲ ಬಳಿಯೇ ಕುಳಿತರು. ಬಸದಿಯ ಪಾಠಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ರವಿವಾರದ ಧರ್ಮಪಾಠ ಹೇಳುತ್ತಿದ್ದವರು ಅವರು. ಆ ಕೆಲಸದಿಂದ ತಮಗೆ ಬಿಡುಗಡೆ ಕೊಡಿಸಬೇಕೆಂದು ಬೇಡಿಕೊಂಡರು. ಈ ವಯಸ್ಸಿನ ಮಕ್ಕಳಿಗೆ ಧರ್ಮ ಬೇಕಾಗಿಲ್ಲ, ಕೆಣಕುವುದಷ್ಟೇ ಬೇಕು ಎಂದರು.

ಮಾತಾಜಿಯವರು ಓದುತ್ತಿದ್ದ ಗ್ರಂಥವನ್ನು ಮುಚ್ಚಿಟ್ಟರು. ಆಗ ಮಾಸ್ತರರು ನಡೆದದ್ದನ್ನು ಹೇಳಿದರು. ಹಿಂದಿನ ಬೇಸಿಗೆಯಲ್ಲಿ ಅವರ ಪತ್ನಿ ಚಂಪಾವತಿಯವರು ದೀರ್ಘ ಕಾಯಿಲೆಯಿಂದ ತೀರಿಕೊಂಡಿದ್ದರು. ಕಳೆದ ಪಾಠದಲ್ಲಿ ಹತ್ತನೇ ಇಯತ್ತೆಯ ಜಯಮಾಲಾ ಎಂಬ ಹುಡುಗಿ ಎದ್ದು ನಿಂತು ಎಲ್ಲರ ಮುಂದೆ ಕೇಳಿದ್ದಳು: "ಸರ್, ನೀವು ಅಷ್ಟು ಜಪ ಮಾಡಿದ್ರಿ. ಮತ್ತ ಚಂಪಾವತಿ ಕಾಕು ಯಾಕ ಉಳೀಲಿಲ್ಲ?"

ಕರ್ಮಸಿದ್ಧಾಂತದ ಉತ್ತರ ಮಾಸ್ತರರಿಗೆ ಬಾಯಿಪಾಠವಿತ್ತು. ಆದರೆ ಆ ಉತ್ತರ ಅಂದು ಅವರಿಗೇ ಸಾಕೆನಿಸಲಿಲ್ಲ. ಹುಡುಗಿಯನ್ನು ಗದರಿಸಿ ಕೂರಿಸಿ, ಪಾಠ ಅರ್ಧಕ್ಕೇ ಬಿಟ್ಟು ಮನೆಗೆ ಹೋಗಿದ್ದರು. ಪತ್ನಿ ಹೋದಂದಿನಿಂದ ತಾವು ಜಪಮಾಲೆ ಮುಟ್ಟಿಲ್ಲವೆಂದೂ, ತಮ್ಮ ಜಪದಲ್ಲಿ ಏನೋ ಕೊರತೆಯಿದ್ದುದಕ್ಕೇ ಆಕೆ ಉಳಿಯಲಿಲ್ಲವೆಂಬ ಕೊರಗು ಬಿಡುತ್ತಿಲ್ಲವೆಂದೂ ಹೇಳಿ ತಲೆ ತಗ್ಗಿಸಿದರು.

ಮಾತಾಜಿಯವರು ಕೇಳಿದರು: "ಆ ಮಗು ಯಾಕ ಹಂಗ ಕೇಳ್ತು ಅಂತ ಕೇಳಿದ್ರೇನು?"

ಇಲ್ಲವೆಂದು ಮಾಸ್ತರರು ತಲೆಯಲ್ಲಾಡಿಸಿದರು.

"ಕೇಳಿ ಬರ್ರಿ."

ಮುಂದಿನ ರವಿವಾರ ಮಾಸ್ತರರು ಹೋದಾಗ ಜಯಮಾಲಾ ಕಂಬದ ಮರೆಯಲ್ಲಿ ಕುಳಿತಿದ್ದಳು. ಅಂದು ಗದರಿಸಿದ್ದು ತಪ್ಪಾಯಿತೆಂದೂ, ಅವಳ ಪ್ರಶ್ನೆಗೆ ತಮಗೆ ಉತ್ತರ ಗೊತ್ತಿಲ್ಲವೆಂದೂ ಎಲ್ಲ ಮಕ್ಕಳೆದುರೇ ಹೇಳಿದರು. ಆಮೇಲೆ, ಯಾಕೆ ಕೇಳಿದೆಯವ್ವಾ ಎಂದು ವಿಚಾರಿಸಿದರು. ಹುಡುಗಿ ಮೆಲ್ಲಗೆ ಹೇಳತೊಡಗಿದಳು. ಅವಳ ತಾಯಿ ಆಸ್ಪತ್ರೆಯಲ್ಲಿದ್ದಳು. ಚೆನ್ನಾಗಿ ಜಪ ಮಾಡಿದರೆ ಅವ್ವ ಗುಣವಾಗುತ್ತಾಳೆಂದು ಮನೆಯವರೆಲ್ಲ ಅವಳಿಗೆ ಹೇಳಿದ್ದರು. ಆದರೆ ತಾಯಿ ದಿನದಿನಕ್ಕೆ ಸೊರಗುತ್ತಿದ್ದಳು.

"ಜಪ ಮಾಡುವಾಗ ನನ್ನ ಮನಸ್ಸು ಎಲ್ಲೆಲ್ಲೋ ಹೋಗ್ತೈತ್ರಿ, ಸರ್," ಎಂದಳು ಜಯಮಾಲಾ. "ಅದಕ್ಕ ಅವ್ವಗ ಹಿಂಗ ಆಗೇತೇನು?"

ಮಾಸ್ತರರು ಅವಳೆದುರು ನೆಲದ ಮೇಲೆ ಕುಳಿತುಬಿಟ್ಟರು.

"ಇಲ್ಲವ್ವಾ. ಅದು ನಿನ್ನ ತಪ್ಪಲ್ಲ. ಜಪ ಅಂದ್ರ ಭಗವಂತನ ಕೂಡ ವ್ಯಾಪಾರ ಅಲ್ಲ. ನಿನ್ನಿಂದ ಏನೂ ಆಗಿಲ್ಲ."

ಹುಡುಗಿಗೆಂದು ಆಡಿದ ಮಾತನ್ನು ತಮ್ಮ ಕಿವಿಯಿಂದಲೇ ಕೇಳಿಸಿಕೊಂಡಾಗ ಮಾಸ್ತರರಿಗೆ ಕಣ್ಣು ತುಂಬಿ ಬಂತು. ಜಯಮಾಲಾ ತಡೆದುಕೊಂಡಿದ್ದ ಅಳುವನ್ನೆಲ್ಲ ಅತ್ತು ಹಗುರಾದಳು. ತುಂಟರೆಂದು ಹೆಸರಾದ ಹುಡುಗರು ಕೂಡ ಸದ್ದು ಮಾಡದೆ ಹತ್ತಿರ ಸರಿದು ಕುಳಿತರು. ಅವಳ ತಾಯಿಯನ್ನು ನೋಡಲು ಎಲ್ಲರೂ ಕೂಡಿ ಹೋಗೋಣವೆಂದು ಅವರಲ್ಲೊಬ್ಬನು ಸೂಚಿಸಿದ. ಪಾಠ ಮುಗಿದ ಮೇಲೆ ಹಾಗೆಯೇ ಹೋದರು.

ಸಂಜೆ ಮಾಸ್ತರರು ಮಾತಾಜಿಯವರ ಸನ್ನಿಧಿಗೆ ಬಂದು ಎಲ್ಲವನ್ನೂ ಅರಿಕೆ ಮಾಡಿಕೊಂಡರು. ಆ ಮಗುವಿಗೆ ಸಮಾಧಾನ ಹೇಳಲು ಹೋದವನಿಗೆ ತನ್ನದೇ ಎದೆಯ ಭಾರ ಇಳಿಯಿತೆಂದರು. ಬಿಡುಗಡೆಯ ಮಾತನ್ನು ಅವರೂ ಎತ್ತಲಿಲ್ಲ, ಮಾತಾಜಿಯವರೂ ಎತ್ತಲಿಲ್ಲ.

"ಬರೂ ರವಿವಾರ ಏನು ಕಲಿಸ್ತೀರಿ?" ಎಂದಷ್ಟೇ ಮಾತಾಜಿಯವರು ಕೇಳಿದರು.

ಪಿಂಛಿಯ ಆಶೀರ್ವಾದ ಪಡೆದು ಮಾಸ್ತರರು ಮನೆಗೆ ಹೋಗಿ ಕೈಕಾಲು ತೊಳೆದು ಜಪಕ್ಕೆ ಕುಳಿತರು. ಭಗವಂತನಲ್ಲಿ ಏನನ್ನೂ ಬೇಡದೆ ತಾವು ಮಾಡಿದ ಮೊದಲ ಜಪ ಅದು ಎಂದು ಮುಂದೆ ಮಕ್ಕಳಿಗೆ ಹೇಳುತ್ತಿದ್ದರು.