ಕಾಲಿನ ಆಯುಧಪೂಜೆ

ಮಾಲೀಶಿನ ಚೌಡಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾಳೆ ಮ್ಯಾಚು. ವಾರವಿಡೀ ಓಡಿ ಓಡಿ ಫುಟ್‌ಬಾಲ್ ತಂಡದ ಹುಡುಗರ ತೊಡೆಗಳು ಕಲ್ಲಾಗಿದ್ದವು. ಇನ್ನೊಂದು ಸುತ್ತು ಓಡಿದರೆ ಯಾರದ್ದಾದರೂ ಸ್ನಾಯು ಹರಿಯುವುದು ಖಂಡಿತ. ಆದರೆ ತಂಡದ ಮಾಲೀಕರು ರುದ್ರಮೂರ್ತಿ ಆಗಲೇ ಫೋನಿನಲ್ಲಿ ಗುಡುಗಿದ್ದರು: "ಫ್ಯಾಕ್ಟರಿಯಲ್ಲಿ ಆಯುಧಪೂಜೆ ಮುಗಿಸಿ ಬರ್ತೀನಿ. ಎಲ್ಲರನ್ನೂ ನನ್ನ ಕಣ್ಣೆದುರೇ ಓಡಿಸಬೇಕು!" ಕೋಚು ಆಗಲೇ ಸೀಟಿ ಹುಡುಕತೊಡಗಿದ್ದರು.

ಚೌಡಪ್ಪ ಅತ್ತಿಂದಿತ್ತ ಸುತ್ತಿದ. ಆಮೇಲೆ ಕುಂಕುಮ ತರಲು ಓಡಿದ.

ಮಾಲೀಕರು ಬಂದು ನೋಡುತ್ತಾರೆ, ಹುಡುಗರೆಲ್ಲ ಸಾಲಾಗಿ ಕಾಲು ಚಾಚಿ ಕೂತಿದ್ದಾರೆ. ಮೊಣಕಾಲಿಗೆಲ್ಲ ಕುಂಕುಮ, ಮೇಲೊಂದೊಂದು ಚೆಂಡುಹೂವು.

"ಏನಯ್ಯಾ ಇದು?"

"ಪೂಜೆ ಆಯ್ತು ಸಾರ್. ಇವರ ಆಯುಧ ಕಾಲೇ ಅಲ್ವಾ? ಫ್ಯಾಕ್ಟರೀಲಿ ಮಿಷನ್ನು ಓಡ್ತಿದೆಯಾ ಇವತ್ತು?"

"ಪೂಜೆ ಮಾಡಿದ ಮಿಷನ್ನನ್ನ ಅವತ್ತೇ ಓಡಿಸ್ತಾರೇನಯ್ಯಾ? ಅಪಚಾರ!" ಅಂದವರೇ ಮಾಲೀಕರು ನಾಲಿಗೆ ಕಚ್ಚಿಕೊಂಡರು. "ಗೋಲ್‌ಕೀಪರಾದ್ರೂ ಏಳಲಿ, ಅವನ ಆಯುಧ ಕೈ!"

ಗೋಲ್‌ಕೀಪರ್ ಎರಡೂ ಅಂಗೈ ಎತ್ತಿ ತೋರಿಸಿದ. ಅಲ್ಲೂ ಕುಂಕುಮ.

ಮಾಲೀಕರು ಕೂಗಾಡಲು ಬಾಯಿ ತೆರೆದರು. ಚೌಡಪ್ಪ ಕುಂಕುಮದ ಬಟ್ಟಲು ಹಿಡಿದು ಹತ್ತಿರ ಬಂದ.

"ನಿಮ್ಮ ಆಯುಧದ ಪೂಜೆಯೊಂದು ಬಾಕಿ ಇದೆ ಸಾರ್. ಸ್ವಲ್ಪ ಬಾಯಿ ಮುಚ್ಚಿದ್ರೆ ಹಚ್ಚಿಬಿಡ್ತೀನಿ."