ಶ್ಯಾಮೆನ್ ಬಂದರಿನಲ್ಲಿ ಕಾಗೆಯ ತುತ್ತು

ಚೀನಾದ ಶ್ಯಾಮೆನ್ ಬಂದರು ನೋಡಲು ಹೋಗಿದ್ದ ಪಾಂಡುರಂಗರಾಯರು ಅಲ್ಲಿನ ವರ್ತಕ ಲಿನ್ ಅವರ ಮನೆಯಲ್ಲಿ ಊಟಕ್ಕೆ ಕೂತರು. ಜೊತೆಗೆ ಊರಿನಿಂದ ಬಂದ ಅಡುಗೆಯವನೂ ಇದ್ದ. ರಾಯರು ತಟ್ಟೆಯಲ್ಲಿ ಒಂದು ಅಗುಳೂ ಬಿಡುವವರಲ್ಲ. ಲಿನ್ ಮನೆಯಲ್ಲೋ, ತಟ್ಟೆ ಬರಿದಾದರೆ ಅತಿಥಿಗೆ ಇನ್ನೂ ಹಸಿವೆ ಎಂದೇ ಅರ್ಥ. ರಾಯರು ಬಳಿದು ಉಂಡಷ್ಟೂ ಲಿನ್ ಬಡಿಸುತ್ತಲೇ ಹೋದರು. ಕೈ ಅಡ್ಡ ಹಿಡಿದರೆ ಸಂಕೋಚವೆಂದು ನಕ್ಕರು.

ಎದುರಿನ ದ್ವೀಪಕ್ಕೆ ಕೊನೆಯ ದೋಣಿ ಹೊರಡುವ ಹೊತ್ತಾಯಿತು. ಆ ದ್ವೀಪ ನೋಡಬೇಕೆಂದೇ ರಾಯರು ಇಷ್ಟು ದೂರ ಬಂದಿದ್ದರು.

“ಏನೋ, ಬಾಯಿಬಿಟ್ಕೊಂಡು ನೋಡ್ತೀಯ!” ಎಂದು ಅಡುಗೆಯವನನ್ನು ಕನ್ನಡದಲ್ಲಿ ಗದರಿದರು. “ನಾನು ಅನ್ನ ಬಿಡಬಾರದು, ಅವರಿಗೆ ಬೇಸರವೂ ಆಗಬಾರದು. ದಾರಿ ಹುಡುಕು. ದೋಣಿ ತಪ್ಪಿತೋ, ನಿನ್ನನ್ನ ಇಲ್ಲೇ ಬಿಟ್ಟು ಹೋಗ್ತೀನಿ!”

ಅಡುಗೆಯವನು ನಿಧಾನವಾಗಿ ಕೇಳಿದ: “ರಾಯರೇ, ಮನೇಲಿ ದಿನಾ ಕಾಗೆಗೆ ಅಂತ ಒಂದು ತುತ್ತು ತೆಗೆದಿಡ್ತೀರಲ್ಲ, ಅದು ಅನ್ನ ಬಿಟ್ಟ ಹಾಗಾ?”

“ಛೆ, ಎಲ್ಲಾದರೂ ಉಂಟೇ!”

“ಇವತ್ತು ಮರೆತಿದ್ದೀರಿ. ಈಗ ಇಡಿ. ಕಡಲಹಕ್ಕಿಗೆ ಹಾಕೋಣ.”

ರಾಯರು ತಟ್ಟೆಯಂಚಿಗೆ ಒಂದು ದೊಡ್ಡ ತುತ್ತನ್ನೇ ಸರಿಸಿಟ್ಟು, ಮಿಕ್ಕಿದ್ದನ್ನು ಉಂಡು ಸುಮ್ಮನೆ ಕೂತರು. ಅಂಚಿನ ಅನ್ನ ಕಂಡದ್ದೇ ಲಿನ್ ಸೌಟು ಕೆಳಗಿಟ್ಟು ಬೆವರು ಒರೆಸಿಕೊಂಡರು.

“ಅಂತೂ ಹೊಟ್ಟೆ ತುಂಬಿತಲ್ಲ, ಸದ್ಯ!” ಎಂದರು ಇಂಗ್ಲಿಷಿನಲ್ಲಿ. “ನಮ್ಮ ಮನೆಯ ಅನ್ನ ಎಂದೋ ಮುಗಿಯಿತು ರಾಯರೇ. ಆಗಿನಿಂದ ನೀವು ಉಣ್ಣುತ್ತಿರುವುದು ಪಕ್ಕದ ಮನೆಯವರದು!”