ಕಂಪ್ಯೂಟರಿಗೆ ಹಾಕಿದ ಪ್ರದಕ್ಷಿಣೆ

ನಮ್ಮ ಮಠದ ಕಚೇರಿಗೆ ಕಂಪ್ಯೂಟರ್ ಬಂದ ದಿನ ಮಠದ ಸ್ವಾಮಿಯಾದ ನಾನು ಮಾಡಿದ ತಪ್ಪನ್ನು ದೇವರ ಮುಂದೆ ಹೇಳಿಕೊಂಡಿದ್ದೇನೆ. ನಿಮ್ಮ ಮುಂದೆಯೂ ಹೇಳುತ್ತೇನೆ.

ಅಂಗಡಿಯವನು ಎಲ್ಲ ಜೋಡಿಸಿ, ನಡೆಸಿ ತೋರಿಸಿ ಹೋಗಿದ್ದ. ಪೂಜೆಯಿಲ್ಲದೆ ಕೆಲಸ ಶುರುಮಾಡುವುದುಂಟೇ? ಅದರ ಮುಖ ಪೂರ್ವಕ್ಕೆ ಬರಲೆಂದು ನಾನೇ ಮೇಜನ್ನು ಕೋಣೆಯ ನಡುವಿಗೆ ಎಳೆದೆ. ವಿಭೂತಿ ಹಚ್ಚಿ, ಕಾಯಿ ಒಡೆದು, ಗುಂಡಿ ಒತ್ತಿದೆ. ಪರದೆ ಕಪ್ಪಗೇ ಉಳಿಯಿತು.

ಭಕ್ತರೆಲ್ಲ ನೋಡುತ್ತಿದ್ದರು. ನಾಚಿಕೆಗೆ ಕಸ ಗುಡಿಸುವ ಬಾಳವ್ವನ ಮೇಲೆ ಹರಿಹಾಯ್ದೆ. “ಬೆಳಿಗ್ಗೆ ಒರೆಸಿದವಳು ನೀನೇ. ಕೆಡಿಸಿಬಿಟ್ಟೆ. ನಾಳೆಯಿಂದ ಬರಬೇಡ!”

ಅವಳು ಮೇಜಿನ ಹಿಂದಕ್ಕೊಮ್ಮೆ ನೋಡಿ ಕೈಮುಗಿದಳು. “ಹೋಗ್ತೀನ್ರೀ ಯಪ್ಪಾ. ಆದ್ರ ಪೂಜಿ ಅರ್ಧಾನ ಆಗೇತಿ. ಪ್ರದಕ್ಷಿಣಿ ಹಾಕಿಲ್ಲಲ್ರೀ? ತಲಿ ಬಗ್ಗಿಸಿ ಒಂದು ಸುತ್ತು ಹಾಕ್ರಿ.”

ಹೌದೆನ್ನಿಸಿತು. ತಲೆ ಬಗ್ಗಿಸಿ ಸುತ್ತಿದೆ. ಹಿಂಬದಿಯಲ್ಲಿ ಕಾಲಿಗೆ ವೈರು ತೊಡರಿತು. ನಾನು ಮೇಜು ಎಳೆದಾಗ ಗೋಡೆಯಿಂದ ಕಿತ್ತುಬಂದ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

“ಕಂಡಿದ್ದರೆ ಹೇಳಬಾರದಿತ್ತೇ?” ಎಂದು ಪಿಸುಗುಟ್ಟಿದೆ.

“ಇಷ್ಟು ಮಂದಿ ಮುಂದ ನಿಮ್ಮ ತಪ್ಪು ನಾ ಹ್ಯಾಂಗ್ ಹೇಳ್ಲಿ? ದೇವರೇ ತೋರಿಸ್ಲಿ ಅಂತ ಬಿಟ್ಟೆ.”

ಮೇಜನ್ನು ಗೋಡೆಗೆ ತಳ್ಳಿ ಪ್ಲಗ್ಗು ಚುಚ್ಚಿದೆ. ಪರದೆ ಬೆಳಗಿತು. ಭಕ್ತರು ಜೈಕಾರ ಹಾಕಿದರು.

“ತಪ್ಪು ನನ್ನದು. ನಾಳೆ ಬಾ, ತಾಯಿ,” ಎಂದೆ, ಎಲ್ಲರಿಗೂ ಕೇಳುವಂತೆ. ಪ್ರದಕ್ಷಿಣೆ ಮುಗಿದಿತ್ತು, ಬಗ್ಗಿಸಿದ ತಲೆ ಮಾತ್ರ ಮೇಲೇಳಲಿಲ್ಲ.